ಸಹನೆ ಬೇಕು, ಹಕ್ಕನ್ನು ಬಿಡಬೇಕಿಲ್ಲ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷದ ಯುವಕನೊಬ್ಬನ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿತೆಂದು ಭಾವಿಸಿರಿ. ಕೈ ಹೋಯಿತು. ನೆರೆಹೊರೆಯವರು ಬಂದು, "ಅಲ್ಲಾಹನ ಇಚ್ಛೆ, ಸಬ್ರ್ ಮಾಡಪ್ಪಾ" ಎಂದು ಸಮಾಧಾನ ಹೇಳುತ್ತಾರೆ. ಕೆಲವು ದಿನಗಳ ಬಳಿಕ ಇಪ್ಪತ್ತು ಸಾವಿರ ರೂಪಾಯಿಯ ಜೊತೆ ಒಂದು ಕಾಗದವೂ ಮನೆಗೆ ಬರುತ್ತದೆ. ಇನ್ನು ಮುಂದೆ ತನ್ನದೇನೂ ತಕರಾರಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಅವನು ಹೆಬ್ಬೆಟ್ಟು ಒತ್ತುತ್ತಾನೆ. ಎಲ್ಲವೂ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ.

ನಿಜವಾಗಿಯೂ ಮುಗಿಯಿತೇ? ಇಲ್ಲ. ಧರ್ಮದ ದೃಷ್ಟಿಯಲ್ಲೂ ಮುಗಿದಿಲ್ಲ, ಕಾನೂನಿನ ದೃಷ್ಟಿಯಲ್ಲೂ ಮುಗಿದಿಲ್ಲ.

ಸಬ್ರ್ ಎಂದರೆ ಬಂದ ಕಷ್ಟದಲ್ಲಿ ಅಲ್ಲಾಹನ ಮೇಲಿನ ವಿಶ್ವಾಸವನ್ನು ಕಳೆದುಕೊಳ್ಳದಿರುವುದು. ನಮಗೆ ಸಲ್ಲಬೇಕಾದುದನ್ನು ಇನ್ನೊಬ್ಬರು ಇಟ್ಟುಕೊಂಡಾಗ ಬಾಯಿ ಮುಚ್ಚಿರುವುದಲ್ಲ. 'ಹಕ್ಕು' ಎಂಬ ನಮ್ಮ ಕನ್ನಡ ಪದವೇ ಅರಬಿಯ 'ಹಕ್ಕ್' ಎಂಬುದರಿಂದ ಬಂದುದು. ಸತ್ಯ ಎಂಬ ಅರ್ಥವೂ ಅದಕ್ಕಿದೆ. ಅರಿಯದೆ ಒಬ್ಬನ ಪ್ರಾಣ ಹೋದರೂ ಅವನ ಮನೆಯವರಿಗೆ ಪರಿಹಾರಧನ ಸಲ್ಲಬೇಕು, ಬಿಡುವುದಿದ್ದರೆ ಅವರೇ ದಾನವಾಗಿ ಬಿಡಬೇಕು ಎಂಬುದು ಸೂರಃ ಅನ್ನಿಸಾದ 92ನೆಯ ಸೂಕ್ತದ ಬೋಧನೆ. ಕಾರ್ಖಾನೆಯ ಪರಿಹಾರವೂ ದಿಯತ್ತೂ ಒಂದೇ ಅಲ್ಲ. ಆದರೆ ಅದರಲ್ಲಿರುವ ತತ್ವವನ್ನು ಗಮನಿಸಿರಿ. ಬಿಟ್ಟುಕೊಡುವ ಅಧಿಕಾರ ಹಕ್ಕುದಾರನದು. ತನ್ನ ಹಕ್ಕು ಎಷ್ಟೆಂದೇ ತಿಳಿಯದವನ ಹೆಬ್ಬೆಟ್ಟು ಕ್ಷಮೆಯಾಗದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1923ರಲ್ಲಿ ಬಂದ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಗಾಯದ ಪರಿಹಾರವನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕನಿಂದ ಬರೆಸಿಕೊಂಡ ಒಪ್ಪಂದಕ್ಕೆ ಬೆಲೆಯಿಲ್ಲ. ಕೆಲಸದಲ್ಲಿ ಮರಣ ಸಂಭವಿಸಿದರೆ ಪರಿಹಾರದ ಹಣವನ್ನು ಮಾಲಕನು ಸಕ್ಷಮ ಅಧಿಕಾರಿಯ ಬಳಿ ಠೇವಣಿ ಇಡಬೇಕು. ವಿಧವೆಯ ಕೈಗೆ ನೇರವಾಗಿ ಒಂದಿಷ್ಟು ಕೊಟ್ಟು ಲೆಕ್ಕ ತೀರಿತೆನ್ನುವಂತಿಲ್ಲ.

ಲೆಕ್ಕವಾದರೂ ಎಷ್ಟು? ಮರಣವಾದರೆ ತಿಂಗಳ ವೇತನದ ಶೇಕಡಾ 50ನ್ನು, ಶಾಶ್ವತ ಪೂರ್ಣ ಅಶಕ್ತತೆಗೆ ಶೇಕಡಾ 60ನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಅಂಕಿ 207.98. ವೇತನ 12,000 ರೂಪಾಯಿ ಇದ್ದರೆ ಪೂರ್ಣ ಅಶಕ್ತತೆಗೆ ಸುಮಾರು 14 ಲಕ್ಷ 97 ಸಾವಿರ ರೂಪಾಯಿ ಆಗುತ್ತದೆ. ಇಪ್ಪತ್ತು ಸಾವಿರ ಎಲ್ಲಿ, ಇದೆಲ್ಲಿ! ಕಾರ್ಮಿಕನು ಇ.ಎಸ್.ಐ. ವಿಮೆಗೆ ಒಳಪಟ್ಟಿದ್ದರೆ ಈ ಮೊತ್ತದ ಬದಲು ಇ.ಎಸ್.ಐ. ನಿಗಮದಿಂದ ಚಿಕಿತ್ಸೆಯೂ ನಿಯಮಿತ ಹಣವೂ ಸಿಗುತ್ತದೆ.

"ಒಂದು ಅಂಗ ಹೋದರೆ ಪೂರ್ಣ ಅಶಕ್ತತೆ ಹೇಗಾದೀತು?" ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಆಯನೂರಿನಿಂದ ಶಿವಮೊಗ್ಗಕ್ಕೆ ಟ್ಯಾಂಕರ್ ಓಡಿಸುತ್ತಿದ್ದ ಚಾಲಕನೊಬ್ಬನು ಅಪಘಾತದಲ್ಲಿ ಮೊಣಕಾಲಿನವರೆಗೆ ಬಲಗಾಲನ್ನು ಕಳೆದುಕೊಂಡನು. ಹೈಕೋರ್ಟು ಅಶಕ್ತತೆಯನ್ನು ಶೇಕಡಾ 65ಕ್ಕೆ ಇಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಶೇಕಡಾ 100 ಮಾಡಿತು. ಕಾಲಿಲ್ಲದವನು ಚಾಲಕನಾಗಿ ದುಡಿಯಲಾರನಷ್ಟೆ? ಅಂಗ ಎಷ್ಟು ಹೋಯಿತೆಂಬುದಕ್ಕಿಂತ ಅವನು ಮಾಡುತ್ತಿದ್ದ ದುಡಿಮೆ ಎಷ್ಟು ಹೋಯಿತೆಂಬುದೇ ಮುಖ್ಯ.

ಇನ್ನೂ ಕೆಲವು ತಪ್ಪು ತಿಳುವಳಿಕೆಗಳಿವೆ. "ಅಜಾಗರೂಕತೆ ನಿನ್ನದೇ" ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕನ ವಿಷಯದಲ್ಲಿ ಮೂಲ ಮಾಲಕನೂ ಹೊಣೆಗಾರನು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಅಪಘಾತ ಮಂಗಳೂರಿನಲ್ಲೋ ಗೋವಾದಲ್ಲೋ ನಡೆದಿದ್ದರೂ ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಅರ್ಜಿಗೆ ಎರಡು ವರ್ಷಗಳ ಮಿತಿಯಿದೆ. ಪತಿಯನ್ನು ಕಳೆದುಕೊಂಡ ಸಹೋದರಿಯು ಇದ್ದತ್‌ನಲ್ಲಿದ್ದರೆ ಆ ನಾಲ್ಕು ತಿಂಗಳು ಹತ್ತು ದಿನಗಳಿಂದ ಹಕ್ಕು ಹೋಗುವುದಿಲ್ಲ. ಆದರೆ ಕಾಗದಪತ್ರಗಳನ್ನು ಕೂಡಿಡುವ ಕೆಲಸವನ್ನು ಅಣ್ಣತಮ್ಮಂದಿರು ಅಂದೇ ಆರಂಭಿಸಲಿ.

ಕೆಲಸ ಹೋದವರಿಗೂ ಹಕ್ಕಿದೆ. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಐದು ವರ್ಷ ಕೆಲಸ ಮಾಡಿದ ಕಾಯಂ ನೌಕರನಿಗೆ ವರ್ಷಕ್ಕೆ 15 ದಿನಗಳ ವೇತನದಂತೆ ಗ್ರಾಚ್ಯುಟಿ ಸಲ್ಲಬೇಕು. ಮರಣ ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಆ ಐದು ವರ್ಷಗಳ ಷರತ್ತೂ ಇಲ್ಲ. ಸರಕಾರಿ ನೌಕರನು ಸೇವೆಯಲ್ಲಿದ್ದಾಗ ಅಂಗವಿಕಲನಾದರೆ, ಆ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯಬಾರದೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಇನ್ನು ನಾವು ಮಾಡಬೇಕಾದುದೇನು? ಆಸ್ಪತ್ರೆಯಲ್ಲಿ ನಿಜವನ್ನೇ ಹೇಳಿರಿ. "ಮನೆಯಲ್ಲಿ ಬಿದ್ದೆ" ಎಂದು ಬರೆಸಿದರೆ ಸುಳ್ಳಿನ ಪಾಪವೂ ಬರುತ್ತದೆ, ಪರಿಹಾರಕ್ಕೂ ಅಡ್ಡಿಯಾಗುತ್ತದೆ. ಪೊಲೀಸರಿಗೆ ತಿಳಿಸಿರಿ, ಮಾಲಕನಿಗೆ ಲಿಖಿತ ನೋಟೀಸು ಕೊಡಿರಿ. ವೇತನದ ಚೀಟಿ, ಹಾಜರಿ ಪುಸ್ತಕದ ಪ್ರತಿ, ಬ್ಯಾಂಕಿನ ಪಾಸ್‌ಬುಕ್ ಜೋಪಾನವಾಗಿಡಿರಿ. ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ನಮಗೆ ಆಜ್ಞಾಪಿಸಿದೆಯಲ್ಲವೇ? ದುಡಿಮೆಯ ಲೆಕ್ಕವನ್ನೂ ಬರೆದಿಡಿರಿ. ತಾಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಿರಿ. ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ವಕೀಲರ ನೆರವು ಉಚಿತ.

ಜೊತೆಗೆ ದುಡಿಯುವವರೇ, ನೀವು ಕಣ್ಣಾರೆ ಕಂಡುದನ್ನು ಮರೆಮಾಡಬೇಡಿರಿ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿಯದೆಂದು ಸೂರಃ ಅಲ್ ಬಕರಃ ಎಚ್ಚರಿಸುತ್ತದೆ. ಜಮಾಅತಿನ ಹಿರಿಯರೇ, ರಾಜಿಗೆ ಕೂಡುವ ಮೊದಲು ಕಾನೂನಿನಂತೆ ಎಷ್ಟು ಸಲ್ಲಬೇಕೆಂದು ಕೇಳಿ ತಿಳಿಯಿರಿ. ಬಡವನ ಹಕ್ಕನ್ನು ಕಡಿಮೆ ಮಾಡಿಸುವ ರಾಜಿ ಪುಣ್ಯದ ಕೆಲಸವಲ್ಲ.

ಮಾಲಕರಾಗಿರುವ ಓದುಗರಿಗೂ ಒಂದು ಮಾತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದರು. ಹಾಗಿರುವಾಗ ನಿಮ್ಮ ಯಂತ್ರದ ಬಳಿ ರಕ್ತ ಸುರಿಸಿದವನ ಹಕ್ಕನ್ನು ತಡೆದಿಟ್ಟು, ಆ ಸಾಲವನ್ನು ಹೊತ್ತು ಅಲ್ಲಾಹನ ಮುಂದೆ ಹೇಗೆ ನಿಲ್ಲುವಿರಿ?