ಮನೆಯ ನೀರು, ಮನೆಯ ಪಾನಕ: ಬಾಗಿಲಲ್ಲಿ ತಡೆದರೆ ಏನು ಮಾಡಬೇಕು?

ಕೋಲಾರ ಜಿಲ್ಲೆಯವರು ಊರು ಬಿಡುವಾಗ ಕುಡಿಯುವ ನೀರನ್ನು ಚೀಲಕ್ಕೆ ಹಾಕಿಕೊಂಡೇ ಹೊರಡುತ್ತಾರೆ. ಫ್ಲೋರೈಡ್ ಬೆರೆತ ಕೊಳವೆಬಾವಿಗಳ ನಡುವೆ ಬದುಕಿದವರಿಗೆ ಈ ಎಚ್ಚರ ಸಹಜ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮನೆಗಳಿಂದ ಹೊರಟ ಚೀಲದಲ್ಲಿ ಒಂದು ಬಾಟಲಿ ಹಣ್ಣಿನ ರಸವೂ ಸೇರುತ್ತದೆ. ಆ ಚೀಲವನ್ನು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನವರೋ ಚೆನ್ನೈ ಬಂದರಿನಲ್ಲಿ ವಿಹಾರ ಹಡಗಿನ ಸಿಬ್ಬಂದಿಯೋ ತಡೆದು, ‘ಇದನ್ನು ಇಲ್ಲೇ ಬಿಡಿ’ ಎಂದರೆ ನಮ್ಮ ಹಕ್ಕು ಎಷ್ಟು?

ಮೊದಲು ಕಹಿ ಸತ್ಯ. ಹೊರಗಿನ ತಿಂಡಿ, ಪಾನೀಯ ಒಯ್ಯಲು ನಮಗೆ ಹುಟ್ಟು ಹಕ್ಕೇನೂ ಇಲ್ಲ. ಸಿನಿಮಾ ನೋಡುವವರು ತಮ್ಮ ಆಹಾರವನ್ನು ಒಳಗೆ ಒಯ್ಯಬಹುದು ಎಂದು ಜಮ್ಮು–ಕಾಶ್ಮೀರ ಹೈಕೋರ್ಟ್ 2018ರಲ್ಲಿ ಆದೇಶಿಸಿತ್ತು. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಚಿತ್ರಮಂದಿರ ಖಾಸಗಿ ಸ್ವತ್ತು, ಪ್ರವೇಶದ ಷರತ್ತು ಹಾಕುವ ಅಧಿಕಾರ ಮಾಲೀಕರಿಗಿದೆ ಎಂಬುದು ಪೀಠದ ನಿಲುವು. ಹೊರಗೆ ನಿಂಬೆಹಣ್ಣು ಕೊಂಡು, ಫ್ಲಾಸ್ಕಿನಲ್ಲಿ ಹಿಂಡಿ, ಒಳಗೆ ಪಾನಕ ಮಾಡಿಕೊಳ್ಳುತ್ತೇನೆ ಎನ್ನಲಾಗದು ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ವಿಚಾರಣೆಯ ವೇಳೆ ಉದಾಹರಣೆ ಕೊಟ್ಟಿದ್ದರು.

ಅದೇ ತೀರ್ಪಿನ ಇನ್ನೊಂದು ಭಾಗವನ್ನು ಬಾಗಿಲ ಸಿಬ್ಬಂದಿ ನಮಗೆ ಹೇಳುವುದಿಲ್ಲ, ನಾವೇ ತಿಳಿದಿರಬೇಕು. ಚಿತ್ರಮಂದಿರಗಳು ಎಲ್ಲರಿಗೂ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು. ಕೂಸು, ಚಿಕ್ಕ ಮಕ್ಕಳ ಜೊತೆ ಬಂದ ತಂದೆ–ತಾಯಿ ಮಗುವಿಗೆ ಬೇಕಾದಷ್ಟು ಆಹಾರ ಒಯ್ಯಬಹುದು. ರಾಷ್ಟ್ರೀಯ ಗ್ರಾಹಕ ಆಯೋಗವೂ 2015ರಲ್ಲಿ ತ್ರಿಪುರಾದ ಮಲ್ಟಿಪ್ಲೆಕ್ಸ್ ಒಂದರ ಪ್ರಕರಣದಲ್ಲಿ, ಹೊರಗಿನ ನೀರು ತಡೆದು ಒಳಗೆ ಉಚಿತ ನೀರು ಇಡದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಆದ್ದರಿಂದ ಬಾಗಿಲಲ್ಲಿ ಜಗಳ ಬೇಡ. ‘ಉಚಿತ ನೀರು ಎಲ್ಲಿದೆ?’ ಎಂದು ಕೇಳಿ. ತೋರಿಸಲಿಲ್ಲವೇ? ನಿಮ್ಮ ದೂರಿಗೆ ಆಧಾರ ಸಿಕ್ಕಿತು.

ಹಡಗಿನ ವಿಷಯದಲ್ಲಿ ಟಿಕೆಟ್ಟಿನ ಷರತ್ತುಗಳೇ ಕರಾರು. ಮನೆಯಲ್ಲಿ ತಯಾರಿಸಿದ ಪಾನೀಯಕ್ಕೆ ಅವಕಾಶವಿದೆಯೇ, ಸೀಲ್ ಮಾಡಿದ ಬಾಟಲಿ ಎಷ್ಟು ತರಬಹುದು, ಮಗುವಿನ ಹಾಲು ಮತ್ತು ಔಷಧಿಗೆ ವಿನಾಯಿತಿ ಇದೆಯೇ, ಕುಡಿಯುವ ನೀರಿಗೆ ಬೇರೆ ಹಣವೇ ಎಂಬುದನ್ನು ದುಡ್ಡು ಕಟ್ಟುವ ಮುಂಚೆ ಇಮೇಲ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಏಜೆಂಟರ ಬಾಯಿಮಾತು ನಂಬಬೇಡಿ. ಕರಾರೇ ತೀರಾ ಏಕಪಕ್ಷೀಯವಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸಬಹುದು. ಆದರೆ ಆ ದೂರು ಜಿಲ್ಲಾ ಆಯೋಗದಲ್ಲಿ ನಡೆಯದು, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು.

ಹಡಗಿಗಿಂತ ನಮಗೆ ಹತ್ತಿರದ್ದು ಕಲ್ಯಾಣ ಮಂಟಪ. ನೀರಿನ ಬಾಟಲಿಯನ್ನು ತಮ್ಮಿಂದಲೇ ಕೊಳ್ಳಬೇಕು ಎಂದು ಷರತ್ತು ಹಾಕುವವರಿದ್ದಾರೆ. ಒಂದು ಸೇವೆ ಬೇಕಾದರೆ ಇನ್ನೊಂದು ವಸ್ತುವನ್ನೂ ಕೊಳ್ಳಲೇಬೇಕೆಂಬ ಒತ್ತಾಯವನ್ನು ಕಾಯ್ದೆಯ 2(41)ನೇ ಕಲಂ ‘ನಿರ್ಬಂಧಿತ ವ್ಯಾಪಾರ ಪದ್ಧತಿ’ ಎನ್ನುತ್ತದೆ. ಮುಂಗಡ ಕೊಡುವಾಗಲೇ ಈ ಷರತ್ತನ್ನು ಬರಹದಲ್ಲಿ ಕೇಳಿ. ಬರೆದುಕೊಡಲು ಹಿಂಜರಿಯುವವರ ಮಂಟಪ ಬಿಡುವುದೇ ಲೇಸು.

ಬೆಲೆಯ ಬಗ್ಗೆ ಗೊಂದಲ ಹೆಚ್ಚು. ಮುಳಬಾಗಿಲು ಬಸ್ ನಿಲ್ದಾಣದ ಅಂಗಡಿಯಾಗಲಿ ಮಾಲೂರು ರೈಲು ನಿಲ್ದಾಣದ ಮಳಿಗೆಯಾಗಲಿ, ಬಾಟಲಿಯ ಮೇಲೆ ಮುದ್ರಿಸಿದ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವಂತಿಲ್ಲ. ‘ಕೂಲಿಂಗ್ ಚಾರ್ಜ್’ ನೆಪವೂ ನಡೆಯದು. ಒಂದೇ ಸರಕಿಗೆ ಎರಡು ಎಂಆರ್‌ಪಿ ಮುದ್ರಿಸುವುದನ್ನೂ 2018ರ ಜನವರಿ 1ರಿಂದ ನಿಷೇಧಿಸಲಾಗಿದೆ. ಕುಳಿತು ಸೇವೆ ಪಡೆಯುವ ಹೋಟೆಲು, ರೆಸ್ಟೋರೆಂಟುಗಳು ಮಾತ್ರ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಿ, ಅಂಗಡಿಯದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.

ದೂರು ಕೊಡುವುದು ಅಂದುಕೊಂಡಷ್ಟು ಕಷ್ಟವಲ್ಲ. ಟಿಕೆಟ್, ಬಿಲ್ಲು, ಬಾಗಿಲಲ್ಲಿ ಅಂಟಿಸಿದ ಸೂಚನೆಯ ಫೋಟೊ ಇಟ್ಟುಕೊಳ್ಳಿ. ಮೊದಲು ಸಂಸ್ಥೆಗೆ ಬರೆಯಿರಿ, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ಎಷ್ಟೋ ಪ್ರಕರಣ ಅಲ್ಲೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗವಿದೆ. ಹಳೆಯ ಕಾಯ್ದೆಯಲ್ಲಿಲ್ಲದ ದೊಡ್ಡ ಅನುಕೂಲವೊಂದು ಈಗ ಇದೆ: ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಘಟನೆ ಚೆನ್ನೈಯಲ್ಲಿ ನಡೆದಿದ್ದರೂ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಆನ್‌ಲೈನ್‌ನಲ್ಲಿ ಇ–ಜಾಗೃತಿ ಪೋರ್ಟಲ್ ಇದೆ.

ಕಾನೂನು ನೆರವು ಬೇಕಾದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅದು ಉಚಿತ; ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ ಅಥವಾ 15100ಕ್ಕೆ ಕರೆ ಮಾಡಿ. ಘಟನೆ ನಡೆದ ದಿನದಿಂದ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕು, ಅಲ್ಲಿಯವರೆಗೆ ಬಿಲ್ಲನ್ನು ಎಸೆಯಬೇಡಿ.