ಟಾರ್ಚಿನ ಬೆಳಕು, ಚಾಕಿನ ಪುಡಿ

ವಿಕಿರಣಶೀಲತೆಯ ಪಾಠ ಶುರುಮಾಡುವ ಮೊದಲು ಮಕ್ಕಳಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ‘ಎಕ್ಸ್‌ರೇ ತೆಗೆಸಿಕೊಂಡು ಬಂದವರ ಪಕ್ಕ ಕೂತರೆ ನಮಗೂ ವಿಕಿರಣ ತಾಗುತ್ತದಾ?’ ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಕೈಗಳು ‘ಹೌದು’ ಅಂತ ಮೇಲೇಳುತ್ತವೆ. ಆಲ್ಫಾ, ಬೀಟಾ, ಗಾಮಾ ಬಾಯಿಪಾಠ ಬರುತ್ತದೆ. ವಿಕಿರಣ ಬೇರೆ, ವಿಕಿರಣಶೀಲ ವಸ್ತು ಬೇರೆ ಎಂಬುದು ಮಾತ್ರ ತಲೆಗೆ ಹೋಗಿರುವುದಿಲ್ಲ.

ಅದಕ್ಕೆ ನಾನು ಒಂದು ಟಾರ್ಚು, ಸ್ವಲ್ಪ ಕೆಂಪು ಚಾಕಿನ ಪುಡಿ ಇಟ್ಟುಕೊಳ್ಳುತ್ತೇನೆ. ಟಾರ್ಚನ್ನು ಕೈ ಮೇಲೆ ಬಿಟ್ಟು ಆರಿಸಿದರೆ ಇನ್ನೊಬ್ಬರಿಗೆ ದಾಟಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಎಕ್ಸ್‌ರೇ ಹಾಗೆ. ಪುಡಿಯನ್ನು ಒಬ್ಬನ ಅಂಗೈಗೆ ಹಚ್ಚಿ ಪಾಠ ಮುಂದುವರಿಸಿ. ಹತ್ತು ನಿಮಿಷದಲ್ಲಿ ಪೆನ್ನು, ಬೆಂಚು, ಪಕ್ಕದವನ ಅಂಗಿ ಎಲ್ಲಾ ಕೆಂಪು. ಇದು ಮಾಲಿನ್ಯ. (ಕೈ ತೊಳೆಸಲು ಮರೆಯಬೇಡಿ. ನಾನೊಮ್ಮೆ ಮರೆತು ಹುಡುಗನ ತಾಯಿಯಿಂದ ಕೇಳಿಸಿಕೊಂಡದ್ದುಂಟು.)

1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲಿನ ಗೊಯಾನಿಯಾ ನಗರದಲ್ಲಿ ಆದದ್ದೂ ಇದೇ. ಪಾಳುಬಿದ್ದ ಚಿಕಿತ್ಸಾ ಕೇಂದ್ರವೊಂದರಲ್ಲಿ ಉಳಿದಿದ್ದ ಕ್ಯಾನ್ಸರ್ ಯಂತ್ರದ ಭಾಗವನ್ನು ಇಬ್ಬರು ಕಳಚಿ ಗುಜರಿಗೆ ಮಾರಿದರು. ಒಳಗೆ ನೂರು ಗ್ರಾಮಿಗೂ ಕಡಿಮೆ ಸೀಸಿಯಂ-137 ಕ್ಲೋರೈಡ್. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ! ನೆಂಟರಿಷ್ಟರಿಗೆಲ್ಲ ಹಂಚಿದರು, ಕೆಲವರು ಮೈಗೂ ಹಚ್ಚಿಕೊಂಡರು. ಆರು ವರ್ಷದ ಮಗುವೊಂದು ಪುಡಿ ಮುಟ್ಟಿದ ಕೈಯಲ್ಲೇ ತಿಂಡಿ ತಿಂದಿತು. ಸುಮಾರು ಎರಡು ವಾರದ ನಂತರ, ಈ ಪುಡಿಯಿಂದಲೇ ಎಲ್ಲರಿಗೂ ಕಾಯಿಲೆ ಎಂದು ಗುಮಾನಿಪಟ್ಟು ಅದನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ತಲುಪಿಸಿದ್ದು ಗುಜರಿ ಮಾಲಿಕನ ಹೆಂಡತಿ. ಆ ಮಗು, ಆಕೆ ಸೇರಿ ನಾಲ್ವರು ತೀರಿಕೊಂಡರು. ಲಕ್ಷಕ್ಕೂ ಮಿಕ್ಕಿ ಜನರನ್ನು ಪರೀಕ್ಷಿಸಿದಾಗ 249 ಮಂದಿಯಲ್ಲಿ ಮಾಲಿನ್ಯ ಕಂಡಿತು.

ಅಷ್ಟು ಹರಡಿದ್ದು ಯಾಕೆ? ಇಲ್ಲಿ ರಸಾಯನಶಾಸ್ತ್ರ ಬೇಕು. ಸೀಸಿಯಂ ಕ್ಲೋರೈಡ್ ನಮ್ಮ ಅಡುಗೆ ಉಪ್ಪಿನ ದಾಯಾದಿ, ನೀರಲ್ಲಿ ಸುಲಭವಾಗಿ ಕರಗುತ್ತದೆ. ಆವರ್ತ ಕೋಷ್ಟಕ ತೋರಿಸಿ: ಪೊಟ್ಯಾಸಿಯಂ ಇರುವ ಗುಂಪಿನಲ್ಲೇ, ಅದರ ಕೆಳಗೆ ಸೀಸಿಯಂ ಉಂಟು. ಹಾಗಾಗಿ ದೇಹ ಅದನ್ನು ಪೊಟ್ಯಾಸಿಯಂನಂತೆಯೇ ಸ್ನಾಯುಗಳಿಗೆ ಒಯ್ಯುತ್ತದೆ. ರೋಗಿಗಳಿಗೆ ಕೊಟ್ಟ ಮದ್ದು ಪ್ರಷ್ಯನ್ ಬ್ಲೂ ಎಂಬ ಬಣ್ಣ. ಕರುಳಿನಲ್ಲಿ ಸೀಸಿಯಂ ಅನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೂ ಕೋಬಾಲ್ಟ್-60 ಬಂದು ಒಬ್ಬರು ಸತ್ತರು. ಅದು ಲೋಹ, ಉಪ್ಪಿನ ಹಾಗೆ ಕರಗುವಂಥದ್ದಲ್ಲ. ನಮ್ಮ ಮಕ್ಕಳಲ್ಲೂ ಗುಜರಿ ಹೆಕ್ಕಿ ಮಾರುವವರಿದ್ದಾರೆ, ಅಲ್ವಾ? ಮೂರು ಎಸಳಿನ ಆ ಚಿಹ್ನೆಯನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬಿಡಿಸಿ. ಅದು ಕಂಡರೆ ಮುಟ್ಟದೆ ದೂರ ಸರಿದು ದೊಡ್ಡವರಿಗೆ ಹೇಳಬೇಕು.

ಮನೆಗೆಲಸಕ್ಕೆ ಒಂದು ಲೆಕ್ಕ: ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಗೊಯಾನಿಯಾದ ಸೀಸಿಯಂ 2017ಕ್ಕೆ ಅರ್ಧಕ್ಕಿಳಿಯಿತು. ಹದಿನಾರನೇ ಒಂದು ಪಾಲಿಗೆ ಇಳಿಯುವುದು ಯಾವ ವರ್ಷ?