ಹಳ್ಳಿಯಿಂದಲೇ ಡಾಕ್ಟರ್‌ಗೆ ವಿಡಿಯೋ ಕಾಲ್: ಇ-ಸಂಜೀವಿನಿ ಬಳಸೋದು ಹೇಗೆ, ಯಾವಾಗ ಬಳಸಬಾರದು?

ಬಿತ್ತನೆ ಹೊತ್ತಲ್ಲಿ ಜ್ವರ ಬಂದರೆ ನಮ್ಮಲ್ಲಿ ಬಹಳ ಜನ ಏನ್ ಮಾಡ್ತಾರೆ? ಮೆಡಿಕಲ್ ಶಾಪಿಗೆ ಹೋಗಿ ಎರಡು ಮಾತ್ರೆ ತಂದು ನುಂಗಿ, ಮಾರನೇ ದಿನ ಮತ್ತೆ ಹೊಲಕ್ಕೆ ಇಳೀತಾರೆ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಂದು ದಿನದ ಕೆಲಸ ಹೋಯ್ತು, ಬಸ್ ಚಾರ್ಜ್ ಬೇರೆ, ಜೊತೆಗೆ ಬರೋರ ಕೆಲಸವೂ ಕೆಟ್ಟಿತು. ಮಾರುಕಟ್ಟೆ ದರ, ಮಳೆ ಮುನ್ಸೂಚನೆ ನೋಡೋ ಅದೇ ಫೋನಿನಲ್ಲಿ ಡಾಕ್ಟರನ್ನೂ ಮಾತಾಡಿಸಬಹುದು ಅನ್ನೋದು ಇನ್ನೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಇದು ತೀರಾ ಹೊಸದೇನಲ್ಲ. 2000ದ ದಶಕದ ಆರಂಭದಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿತ್ತು. ಆಗ ಅದಕ್ಕೆ ದೊಡ್ಡ ಡಿಶ್ ಬೇಕಿತ್ತು, ಈಗ ಜೇಬಿನಲ್ಲಿರೋ ಫೋನ್ ಸಾಕು. ಮನೆಯಲ್ಲೇ ಕೂತು ಡಾಕ್ಟರ್ ಜೊತೆ ಮಾತಾಡೋ ಇ-ಸಂಜೀವಿನಿ ಒಪಿಡಿ ಸೇವೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಸಮಯದಲ್ಲಿ ಶುರು ಮಾಡಿತು. ಇದು ಪೂರ್ತಿ ಉಚಿತ.

ಆ್ಯಪ್ ಹಾಕ್ಕೊಂಡು ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತೆ. ರೋಗಿಯ ಹೆಸರು, ವಯಸ್ಸು, ತೊಂದರೆ ಏನು ಅಂತ ತುಂಬಿ, ಸರದಿ ಬರೋವರೆಗೂ ಕಾಯಬೇಕು. ಡಾಕ್ಟರ್ ವಿಡಿಯೋದಲ್ಲಿ ಮಾತಾಡಿ ಕೊನೆಗೆ ಇ-ಚೀಟಿ ಕಳಿಸ್ತಾರೆ. ಅದನ್ನು ತೋರಿಸಿ ಔಷಧಿ ತಗೋಬಹುದು.

ಆದರೆ ನನ್ನನ್ನು ಕೇಳಿದರೆ, ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ದಾರಿಯೇ ಒಳ್ಳೆಯದು. ನಿಮ್ಮೂರಿನ ಅಥವಾ ಪಕ್ಕದೂರಿನ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಆಗಿದ್ದರೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರ್ತಾರೆ. ಅವರು ಬಿಪಿ, ಶುಗರ್ ನೋಡಿ, ಅಲ್ಲಿಂದಲೇ ದೊಡ್ಡ ಆಸ್ಪತ್ರೆಯ ಡಾಕ್ಟರ್ ಜೊತೆ ಮಾತಾಡಿಸ್ತಾರೆ. ಮುಟ್ಟಿ ನೋಡೋಕೆ ಒಬ್ಬರು ಈ ಕಡೆ ಇದ್ದರೆ ಆ ಕಡೆಯ ಡಾಕ್ಟರ್‌ಗೆ ಅರ್ಧ ಕೆಲಸ ಹಗುರ.

ಕಾಲ್ ಮಾಡೋ ಮೊದಲು ಸ್ವಲ್ಪ ತಯಾರಿ ಬೇಕು. ಜ್ವರ ಯಾವತ್ತಿಂದ, ಎಷ್ಟು ಡಿಗ್ರಿ ಅಂತ ಬರೆದಿಟ್ಕೊಳ್ಳಿ. ಈಗ ತಗೋತಿರೋ ಮಾತ್ರೆಗಳ ಶೀಟನ್ನು ಕೈಯಲ್ಲೇ ಹಿಡ್ಕೊಳ್ಳಿ. "ಬಿಳಿ ಮಾತ್ರೆ, ಸಣ್ಣದು" ಅಂದರೆ ಯಾವ ಡಾಕ್ಟರ್‌ಗೂ ಗೊತ್ತಾಗಲ್ಲ. ಮಗುವಾದರೆ ತೂಕ ಗೊತ್ತಿರಲಿ, ದೊಡ್ಡವರೊಬ್ಬರು ಜೊತೆಗಿರಲೇಬೇಕು. ಕಜ್ಜಿ, ಗಾಯ ತೋರಿಸೋದಿದ್ದರೆ ಜಗಲಿಗೆ ಬನ್ನಿ, ಬಲ್ಬಿನ ಬೆಳಕಲ್ಲಿ ಬಣ್ಣ ಸರಿಯಾಗಿ ಕಾಣಲ್ಲ.

2020ರ ಮಾರ್ಚ್‌ನಲ್ಲಿ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಖಾಸಗಿ ಆ್ಯಪ್ ಬಳಸುವಾಗ ಇದನ್ನು ತಪ್ಪದೇ ನೋಡಿ. ಮತ್ತು ಬರಿಸುವ, ಚಟ ಹಿಡಿಸುವ ಕೆಲವು ಔಷಧಿಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಡಾಕ್ಟರ್ "ಇದಕ್ಕೆ ನೇರವಾಗಿ ಬರಬೇಕು" ಅಂದರೆ ಜಾರಿಕೊಳ್ತಿದ್ದಾರೆ ಅಂದ್ಕೋಬೇಡಿ, ಹಾಗೆ ಹೇಳೋದು ಅವರ ಕರ್ತವ್ಯವೇ.

ಈಗ ಮುಖ್ಯ ವಿಷಯ. ಹೊಲದ ಎರಡು ಅಪಾಯಗಳಿಗೆ ವಿಡಿಯೋ ಕಾಲ್ ಬೇಡವೇ ಬೇಡ.

ಒಂದು, ಹಾವು ಕಡಿತ. ಕಟ್ಟಿಗೆ ಹಾವು, ಅಂದರೆ ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ಊತವೂ ಇರಲ್ಲ, ನೋವೂ ಇರಲ್ಲ. ಕ್ಯಾಮೆರಾದಲ್ಲಿ ಏನೂ ಕಾಣದೇ ಇರಬಹುದು. ಕೆಲವು ಗಂಟೆ ಬಿಟ್ಟು ರೆಪ್ಪೆ ಜೋತುಬಿದ್ದು ಉಸಿರಾಟಕ್ಕೇ ತೊಂದರೆ ಬರುತ್ತೆ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಗಾಯ ಕೊಯ್ಯಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಇಂಜೆಕ್ಷನ್ ಇರೋ ಆಸ್ಪತ್ರೆಗೆ ಹೊರಡಿ.

ಇನ್ನೊಂದು, ಔಷಧಿ ಹೊಡೆಯುವಾಗ ವಿಷ ಮೈಗೆ ಸೇರೋದು. ವಾಂತಿ, ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗೋದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗೋದು ಕಂಡರೆ ಬಟ್ಟೆ ಬಿಚ್ಚಿಸಿ, ಸೋಪು ನೀರಲ್ಲಿ ಮೈ ತೊಳೆದು ಸೀದಾ ಆಸ್ಪತ್ರೆಗೆ. ತೊಳೆಯೋರು ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಕಳೆನಾಶಕ ಪ್ಯಾರಾಕ್ವಾಟ್‌ಗಂತೂ ಪ್ರತಿವಿಷವೇ ಇಲ್ಲ, ಒಂದು ಗುಟುಕು ಹೊಟ್ಟೆಗೆ ಹೋಗಿದ್ದರೂ "ಈಗ ಆರಾಮಿದ್ದಾನೆ" ಅಂತ ಕೂರೋ ಹಾಗಿಲ್ಲ. ಇಲ್ಲಿ ಸ್ಮಾರ್ಟ್‌ಫೋನಿಗೆ ಬೇರೆ ಕೆಲಸ ಇದೆ. ಡಬ್ಬಿಯ ಲೇಬಲ್‌ನಲ್ಲಿ ಔಷಧಿಯ ತಾಂತ್ರಿಕ ಹೆಸರು ಕಾಣೋ ಹಾಗೆ ಫೋಟೋ ತೆಗೀರಿ. ಬ್ರ್ಯಾಂಡ್ ಹೆಸರು ಹತ್ತಾರು ಇರುತ್ತವೆ, ಚಿಕಿತ್ಸೆ ನಿರ್ಧಾರ ಆಗೋದು ತಾಂತ್ರಿಕ ಹೆಸರಿನ ಮೇಲೆ. ಇವತ್ತೇ, ಔಷಧಿ ಹೊಡೆಯೋ ಮೊದಲೇ, ಈ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ.

ಎದೆನೋವು, ಒಂದು ಕಡೆ ಕೈಕಾಲು ಸೋಲೋದು, ಬಸುರಿ ಹೆಂಗಸರಿಗೆ ರಕ್ತಸ್ರಾವ, ಇವೂ 108ರ ಕೆಲಸವೇ.

ಬೆಳೆ ಹೋಯ್ತು, ಸಾಲ ಬೆಳೀತು, ರಾತ್ರಿ ನಿದ್ದೆ ಬರ್ತಿಲ್ಲ ಅನ್ನೋ ಸ್ಥಿತಿಗೆ ಮಾತ್ರ ಫೋನು ನಿಜವಾಗಿ ದೊಡ್ಡ ಉಪಕಾರಿ. 14416 ಟೆಲಿ-ಮಾನಸ್ ಸಂಖ್ಯೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಆ್ಯಪ್ ಬೇಕಿಲ್ಲ, ನೆಟ್ ಬೇಕಿಲ್ಲ, ಅಪ್ಪನ ಹಳೇ ಬಟನ್ ಫೋನಲ್ಲೂ ಆಗುತ್ತೆ. ನಂಬರನ್ನು ಅವರ ಫೋನಿನಲ್ಲೂ ಸೇವ್ ಮಾಡಿಕೊಡಿ.